ತೊಗರಿ ಗಿಡ, ಹುಳು, ಕಾಜಾಣ: ನಲಿ-ಕಲಿ ಮಕ್ಕಳ ಹಾಡಿನಾಟ ಕಟ್ಟಿದ ಬಗೆ

12 ನಿಮಿಷದ ಆಟ, 4 ಹಾಡು, 32 ಮಕ್ಕಳು. ಎಲ್ಲರೂ ನಲಿ-ಕಲಿಯವರು, ಅಂದರೆ ಒಂದರಿಂದ ಮೂರನೇ ತರಗತಿಯವರು, 6ರಿಂದ 8 ವರ್ಷದವರು. ಒಬ್ಬರೂ ಇದಕ್ಕೆ ಮುಂಚೆ ಕಟ್ಟೆ (ವೇದಿಕೆ) ಹತ್ತಿದವರಲ್ಲ. ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ಸರಕಾರಿ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಡಿಸೆಂಬರ್ ಮೊದಲ ವಾರ ಹಿಡಿದ ಕೆಲಸ ಫೆಬ್ರವರಿ ಮೊದಲ ವಾರ ಮುಗಿಯಿತು. ಬೇರೆ ಶಾಲೆಯವರು ಇದೇ ಅಳತೆ ಹಿಡಿದು ಮಾಡಿಕೊಳ್ಳಲಿ ಅಂತ ಹಂತ ಹಂತವಾಗಿ ಇಲ್ಲಿ ಬರೆದಿದೆ. ಕೆಟ್ಟ ಪ್ರಯೋಗಗಳನ್ನು ಬಿಟ್ಟಿಲ್ಲ. ಉಳಿದವರಿಗೆ ಹೆಚ್ಚು ಉಪಯೋಗ ಅವೇ.

1. ಕಥೆ (ಡಿಸೆಂಬರ್ ಮೊದಲ ವಾರ)

ಕಥೆ ಹೊಲದಿಂದ ತೆಗೆದದ್ದು. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳು ಬೀಳುತ್ತದೆ. ಔಷಧಿ ಹೊಡೆಯುವುದು ಒಂದು ದಾರಿ. ಇನ್ನೊಂದು, ಸಾಲಿನ ನಡುವೆ ತಾಡಪತ್ರಿ ಹಾಸಿ, ಗಿಡ ಅಳ್ಳಾಡಿಸಿ, ಉದುರಿದ ಹುಳು ಆಯುವುದು. ಜೊತೆಗೆ ಅಲ್ಲಲ್ಲಿ ಟಿ ಆಕಾರದ ಕೋಲು ನೆಟ್ಟು ಹಕ್ಕಿಗೆ ಕೂರಲು ಜಾಗ ಮಾಡುವುದು. ಕಲಬುರಗಿ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿಡ ಹೇಗೆ ಅಳ್ಳಾಡುತ್ತದೆ, ಹುಳು ಹೇಗೆ ಸುರುಳಿ ಸುತ್ತಿಕೊಂಡು ಬೀಳುತ್ತದೆ ಅಂತ ಅವರೇ ಮಾಡಿ ತೋರಿಸುತ್ತಾರೆ. ಅರ್ಧ ಅಭಿನಯ ಅಲ್ಲಿಗೇ ಆಯಿತು.

ಮೊದಲು ಬರೆದ ಕಥೆಯಲ್ಲಿ ಒಬ್ಬ ರೈತನಿದ್ದ, ಅವನೊಬ್ಬನಿಗೇ 14 ಮಾತು. ಎರಡೇ ವಾರದಲ್ಲಿ ಅದು ಬಿತ್ತು. ಡಿಸೆಂಬರ್-ಜನವರಿ ಅಂದರೆ ತೊಗರಿ ರಾಶಿಯ (ಒಕ್ಕಣೆಯ) ಕಾಲ. ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಮರುದಿನವೂ ತರಗತಿ ಅರ್ಧ ಖಾಲಿ. ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುವ ಮನೆಗಳು ಮಕ್ಕಳನ್ನೂ ಕರೆದುಕೊಂಡು ಹೋಗುತ್ತವೆ. ರೈತನ ಪಾತ್ರದ ಹುಡುಗ ಹಾಗೆಯೇ ಹೋದ, ಅವನ ಜೊತೆ 14 ಮಾತೂ ಹೋದವು.

ಎರಡನೇ ಸಲ ಬರೆದದ್ದು ಮೂರು ಕಟ್ಟಳೆ ಇಟ್ಟುಕೊಂಡು. ಒಂಟಿ ಮಾತು ಯಾರಿಗೂ ಇಲ್ಲ, ಪ್ರತಿ ಮಾತನ್ನೂ ಇಬ್ಬರು ಒಟ್ಟಿಗೆ ಹೇಳಬೇಕು. ಒಂದು ಮಾತಿನಲ್ಲಿ ಆರು ಪದಕ್ಕಿಂತ ಹೆಚ್ಚು ಇರಬಾರದು. ಯಾವ ಗುಂಪಿನಿಂದ ಇಬ್ಬರು ಕಡಿಮೆಯಾದರೂ ಆಟ ನಿಲ್ಲಬಾರದು. ಕೊನೆಗೆ ನಿಂತ ಹಂಚಿಕೆ: ಗಿಡ 10, ಹುಳು 8, ಹಕ್ಕಿ 6 (ಕಾಜಾಣ 3, ಗೊರವಂಕ 3), ಹೊಲದ ಮಂದಿ 6, ಕಥೆ ಹೇಳುವವರು 2.

ಹುಳು ಆಗಲು ಯಾರೂ ತಯಾರಿರಲಿಲ್ಲ. ಎಲ್ಲರಿಗೂ ಹಕ್ಕಿಯೇ ಬೇಕು. ಒತ್ತಾಯದಿಂದ ಹುಳುವಾದವರಲ್ಲಿ ಇಬ್ಬರು, ಹಕ್ಕಿ ಬಂದು ಕುಕ್ಕಿದ ಕೂಡಲೇ ನಿಜವಾಗಿ ಅತ್ತರು. ಆರು ವರ್ಷದ ಮಗುವಿಗೆ ತಿನ್ನಿಸಿಕೊಳ್ಳುವುದು ಅಂದರೆ ಸೋಲುವುದು. ಹಾಗಾಗಿ ಕುಕ್ಕುವುದನ್ನು ತೆಗೆದು, ಹಕ್ಕಿ ರೆಕ್ಕೆ ಬಿಚ್ಚುವುದು, ಹುಳು ಆ ರೆಕ್ಕೆಯ ಕೆಳಗೆ ನುಗ್ಗುವುದು, ಇಬ್ಬರೂ ಕೂಡಿ ಓಡಿ ಒಳಗೆ ಹೋಗುವುದು ಅಂತ ಮಾಡಿದ್ದಾಯಿತು. ಎಲ್ಲಕ್ಕಿಂತ ತಮಾಷೆಯ ಹಾಡನ್ನೂ ಹುಳುಗಳಿಗೇ ಕೊಟ್ಟದ್ದರಿಂದ ಒಂದು ವಾರದೊಳಗೆ ಗಿಡಗಳೂ ಹುಳು ಆಗುತ್ತೇವೆ ಅನ್ನತೊಡಗಿದವು.

2. ಹಾಡು ಮತ್ತು ಶ್ರುತಿ

ಹೆಚ್ಚು ಹೊತ್ತು ತಿಂದದ್ದು ಇದೇ ಹಂತ. ಹೊಸಬರು ತಪ್ಪುವುದೂ ಇಲ್ಲೇ.

ಪೇಟಿ (ಹಾರ್ಮೋನಿಯಂ) ನುಡಿಸಿದವರು ಊರಿನ ಭಜನಿ ಮಂಡಳಿಯವರು. ಅವರ ಕೈ ತಾನಾಗಿ ಕರಿ 1ಕ್ಕೆ, ಅಂದರೆ ಸಪ್ತಕದ ಮೊದಲ ಕಪ್ಪು ಕೀಗೆ, ಹೋಗುತ್ತದೆ. ಗಂಡಸರ ಭಜನಿಗೆ ಅದು ಸರಿ. ಅದೇ ಶ್ರುತಿಯಲ್ಲಿ ಧಾಟಿ ಮಂದ್ರದ (ಕೆಳ ಸಪ್ತಕದ) ಪಂಚಮಕ್ಕೆ ಇಳಿದಾಗ ಮಕ್ಕಳ ದನಿ ಗಂಟಲಲ್ಲೇ ಉಳಿಯಿತು, ತುಟಿ ಆಡಿದ್ದಷ್ಟೇ. ಧಾಟಿ ಹಾಗೇ ಇಟ್ಟು ಶ್ರುತಿಯನ್ನು ಕರಿ 4ಕ್ಕೆ ಏರಿಸಿದರೆ ಮೇಲಿನ ಸಾಲು ಹಾಡಾಗಿ ಬರಲಿಲ್ಲ, ಕಿರುಚಾಟವಾಗಿ ಬಂತು. ಎರಡು ದಿನಕ್ಕೆ ಗಂಟಲು ಕಟ್ಟಿದವು. ತಪ್ಪು ಇದ್ದದ್ದು ಧಾಟಿಯ ಹರವಿನಲ್ಲಿ. ಈ ವಯಸ್ಸಿನ ಮಕ್ಕಳು ಗುಂಪಿನಲ್ಲಿ ಹಾಡುವಾಗ ಮಧ್ಯ ಸಪ್ತಕದ ಬಿಳಿ 2ರಿಂದ ಬಿಳಿ 7ರವರೆಗಿನ ಜಾಗ ಗಟ್ಟಿ. ಅದರ ಕೆಳಗೂ ಮೇಲೂ ಒಬ್ಬಿಬ್ಬರು ಹೋಗುತ್ತಾರೆ, ಗುಂಪು ಹೋಗುವುದಿಲ್ಲ.

ಕೊನೆಗೆ ನಾಲ್ಕೂ ಹಾಡಿಗೆ ಬಿಳಿ 2 ಷಡ್ಜ (ಸ), ಧಾಟಿ ಸ ರಿ ಗ ಪ ಧ ಅಷ್ಟೇ. ಭೂಪ್ ರಾಗದ ಹಾಗೆ ಮ, ನಿ ಬಿಟ್ಟದ್ದರಿಂದ ಅರ್ಧ ಸ್ವರದ ಕಿರಿಕಿರಿ ಇಲ್ಲ, ಅಪಸ್ವರ ಬಂದರೂ ಕಿವಿಗೆ ಹೊಡೆಯುವುದಿಲ್ಲ. ತಾರ ಷಡ್ಜ (ಮೇಲಿನ ಸ) ಎಲ್ಲಿಯೂ ಇಲ್ಲ.

ಕಲಿಸುವವರು ಗಂಡಸಾದರೆ ಇನ್ನೊಂದು ತೊಡಕು. ಅವರ ದನಿ ಒಂದು ಸಪ್ತಕ ಕೆಳಗೆ ಇರುತ್ತದೆ, ಮಕ್ಕಳು ಅದನ್ನೇ ಹಿಡಿಯಲು ಹೋಗಿ ಗೊರಗೊರ ಅನ್ನುತ್ತಾರೆ. ಹಾಡಿ ತೋರಿಸಲು ಹೆಣ್ಣು ದನಿ ಇಡಬೇಕು, ಇಲ್ಲದಿದ್ದರೆ ಏಳನೇ ತರಗತಿಯ ಒಬ್ಬ ಹುಡುಗಿ ಸಾಕು. ಸರ್ ಸುಮ್ಮನೆ ತಾಳ ಹಾಕಲಿ.

ಲಯ 8 ಮಾತ್ರೆಯ ಕೆಹರ್ವಾ ತಾಳ, ನಿಮಿಷಕ್ಕೆ 96 ಮಾತ್ರೆ. ಒಂದು ಸಾಲಿಗೆ 8 ಮಾತ್ರೆ ಅಂದರೆ 5 ಸೆಕೆಂಡ್, ಸಣ್ಣ ಮಕ್ಕಳ ಒಂದು ಉಸಿರಿಗೆ ಅದು ಕೂಡುತ್ತದೆ. 12 ಮಾತ್ರೆಯ ಸಾಲು ಬರೆದು ನೋಡಿದಾಗ ಎಲ್ಲರೂ ನಡುವೆ ಬೇರೆ ಬೇರೆ ಕಡೆ ಉಸಿರು ಎಳೆದುಕೊಂಡು ಹಾಡು ಹರಿದು ಹೋಯಿತು. ಚಪ್ಪಾಳೆಯನ್ನೂ ತೆಗೆಯಬೇಕಾಯಿತು: ಚಪ್ಪಾಳೆ ಕೊಟ್ಟರೆ ಮಕ್ಕಳು ಪ್ರತಿ ಸಾಲಿಗೂ ಓಡುತ್ತಾರೆ, ಮೂರನೇ ಸಾಲಿಗೆ ಢೋಲಕ್ ಹಿಂದೆ ಬೀಳುತ್ತದೆ. ಅದರ ಬದಲು ಎಡಕ್ಕೆ ಬಲಕ್ಕೆ ತೂಗುವುದು ಇಟ್ಟರೆ ಲಯ ನಿಲ್ಲುತ್ತದೆ.

ಪದ ಹೇಗಿರಬೇಕು ಅನ್ನುವುದಕ್ಕೆ ಎರಡು ಮಾದರಿ. ಹುಳುಗಳದು:

ತಿಂತೀವಿ ತಿಂತೀವಿ ಹಸಿರು ಕಾಯಿ
ಮುಚ್ಚೂದೇ ಇಲ್ಲ ನಮ್ಮ ಬಾಯಿ

ಹೊಲದ ಮಂದಿಯದು:

ಅಳ್ಳಾಡಲಿ ಅಳ್ಳಾಡಲಿ ತೊಗರಿ ಗಿಡಾ
ಉದರಲಿ ಉದರಲಿ ಹುಳದ ಹಿಂಡಾ

ಎರಡನೆಯದರಲ್ಲಿ ಮೊದಲು ಇದ್ದದ್ದು 'ಅಳ್ಳಾಡ್ಸ್ರಿ'. ಮಾತಿನಲ್ಲಿ ಎಲ್ಲರ ಬಾಯಲ್ಲೂ ಬರುವ ಪದವೇ, ಆದರೆ 32 ಬಾಯಿ ಒಟ್ಟಿಗೆ ಹಾಡಿದರೆ ಅದು ಬರೀ 'ಸ್ಸ್ಸ್' ಆಗಿ ಮೈಕಿನಲ್ಲಿ ಕೇಳುತ್ತದೆ. ಒತ್ತಕ್ಷರ ಎರಡು ಕೂಡಿದ ಕಡೆಯೆಲ್ಲ ಪದ ಬದಲಿಸಬೇಕು. ಮನೆಯಲ್ಲಿ ಲಂಬಾಣಿ ಇಲ್ಲವೇ ದಖನಿ ಮಾತಾಡುವ ಮಕ್ಕಳು ಇದ್ದರು. ಅವರಿಗೆ ಪದಕ್ಕಿಂತ ಮುಂಚೆ ಧಾಟಿಯನ್ನು 'ಲಾ ಲಾ' ಅಂತ ಕೊಟ್ಟರೆ ಬೇಗ ಕೂತಿತು. ನೋಡಿದರೆ ಉಳಿದವರಿಗೂ ಅದೇ ಸುಲಭ.

ಪೇಟಿಯವರಿಗೆ ಒಂದೇ ವಿನಂತಿ ಮಾಡಿಕೊಳ್ಳಬೇಕು, ಕೈ ಮುಗಿದೇ ಮಾಡಿಕೊಳ್ಳಬೇಕು: ಹರಕತ್ತು (ನಡುವೆ ಸೇರಿಸುವ ಅಲಂಕಾರದ ಸ್ವರ) ಬೇಡ. ಹಾಡಿಗೆ ಮುಂಚೆ ಷಡ್ಜ 4 ಮಾತ್ರೆ ಹಿಡಿಯುವುದು, ಆಮೇಲೆ ಮೊದಲ ಸಾಲು ಒಂದು ಸಲ ನುಡಿಸುವುದು, ಆಮೇಲೆ ಮಕ್ಕಳು. ಪ್ರತಿ ದಿನವೂ ಅಷ್ಟೇ ಇರಬೇಕು. ಒಂದು ದಿನ ಉಮೇದಿನಲ್ಲಿ ಎರಡು ಸಲ ನುಡಿಸಿದರೆ ಮಕ್ಕಳು ನಡುವೆ ನುಗ್ಗುತ್ತಾರೆ.

ಮೊಬೈಲಿನಲ್ಲಿ ಸಂಗೀತ ಹಾಕಿ ಅದರ ಮೇಲೆ ಹಾಡಿಸುವುದನ್ನೂ ನೋಡಿ ಆಯಿತು. ಅದು ಯಾರಿಗೂ ಕಾಯುವುದಿಲ್ಲ. ಗಿಡ ಎದ್ದೇಳಲು ನಾಲ್ಕು ಸೆಕೆಂಡ್ ತಡವಾದರೆ ಹಾಡು ಮುಂದೆ, ಮಕ್ಕಳು ಹಿಂದೆ. ಮೊದಲ ಸಲ ಕಟ್ಟೆ ಏರುವವರಿಗೆ ಕೈಯಿಂದ ನುಡಿಸುವ ವಾದ್ಯವೇ ಬೇಕು.

3. ಸನ್ನೆ

ಯಾವಾಗ ಏಳಬೇಕು, ಯಾವಾಗ ಓಡಬೇಕು ಅನ್ನುವುದನ್ನು ಮಕ್ಕಳಿಗೆ ತಿಳಿಸುವುದು ಹೇಗೆ? ಪಕ್ಕದಲ್ಲಿ ನಿಂತು ಕೈ ಮಾಡಿದರೆ ಅವರು ನೋಡುವುದಿಲ್ಲ, ನೋಡುವುದು ಮಂದಿಯನ್ನು. ಎದುರಿನವರ ಮಾತು ಕೇಳಿ ಮುಂದಿನ ಮಾತು ಹೇಳು ಅಂದರೆ, ಆ ಮಾತು ಮರೆತು ಹೋದ ಕೂಡಲೇ ಎಲ್ಲ ನಿಲ್ಲುತ್ತದೆ.

ಸೀಟಿ ಊದಿ ನೋಡಿದಾಗ 32 ಮಂದಿಯೂ ಸಾವಧಾನ್‌ನಲ್ಲಿ ನಿಂತರು. ಹುಳುಗಳು ಕೂಡ ಎದ್ದು ನಿಂತವು. ಶಾಲೆಯ ಗಂಟೆ ಬಾರಿಸಿದಾಗ ಕೆಲವರು ತಟ್ಟೆ ತರಲು ಓಡಿದರು. ಮಕ್ಕಳಿಗೆ ಮೊದಲೇ ಅರ್ಥ ಇರುವ ಸದ್ದು ಯಾವುದೂ ಬೇಡ ಅಂತ ಅಲ್ಲಿಗೆ ತೀರ್ಮಾನವಾಯಿತು.

ನಿಂತದ್ದು ಹಲಗೆ, ಬಾರಿಸುವ ಚರ್ಮದ ವಾದ್ಯ. ಎರಡು ಬಿಡಿ ಏಟು ಬಿದ್ದರೆ ಗಿಡಗಳು ಏಳುವುದು. ಗೆಜ್ಜೆ ಅಂದರೆ ಹುಳುಗಳು ಹರಿಯುವುದು. ಹಲಗೆಯ ಮೇಲೆ ಬಿಡದೆ ಉರುಳುವ ಏಟು ಅಂದರೆ ಅಳ್ಳಾಡುವುದು, ನಿಂತ ಕೂಡಲೇ ಹುಳು ಬೀಳುವುದು. ಕಂಚಿನ ತಾಳದ ಒಂದು ಹೊಡೆತಕ್ಕೆ ಎಲ್ಲರೂ ಕಲ್ಲಾಗುವುದು. ನಾಲ್ಕೇ ಸನ್ನೆ. ಹಕ್ಕಿಗೆ ಅಂತ ಐದನೆಯದಾಗಿ ಪೀಪಿ ಸೇರಿಸಿದಾಗ ಎಲ್ಲವೂ ಕಲಸಿ ಹೋಯಿತು. ಅದನ್ನು ತೆಗೆದು, ಹುಳುಗಳ ಹಾಡಿನ ಕೊನೆಯ ಸಾಲಿಗೇ ಹಕ್ಕಿ ಬರುವ ಹಾಗೆ ಮಾಡಿದ್ದಾಯಿತು.

ತಾಲೀಮಿನ ಮೊದಲ ವಾರ ಕಥೆ ಇಲ್ಲ, ಹಾಡೂ ಇಲ್ಲ. ಅಂಗಳದಲ್ಲಿ ಈ ನಾಲ್ಕು ಸದ್ದಿನ ಆಟ, ದಿನಕ್ಕೆ 10 ನಿಮಿಷ. ಆಮೇಲೆ ಕಣ್ಣು ಮುಚ್ಚಿಸಿ ಅದೇ ಆಟ. ಕಣ್ಣು ಮುಚ್ಚಿಯೂ ಸರಿಯಾಗಿ ಏಳುವ ತನಕ ಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿಲ್ಲ.

ಹಲಗೆ ಬಾರಿಸಿದವರು ಏಳನೇ ತರಗತಿಯ ಇಬ್ಬರು. ಚರ್ಮದ ಹಲಗೆ ಸಂಜೆಯ ತಂಪಿಗೆ ಸಡಿಲಾಗುತ್ತದೆ, ಸದ್ದು ಮಂಕಾಗುತ್ತದೆ. ಬೆಂಕಿಗೆ ಕಾಯಿಸಬೇಕು. ಅದನ್ನು ಶಾಲೆಯ ಹಿಂದೆ, ಕ್ರೇಪ್ ಕಾಗದದ ವೇಷ ತೊಟ್ಟವರಿಂದ ದೂರ, ದೊಡ್ಡವರೊಬ್ಬರ ಕೈಯಲ್ಲಿ ಮಾಡಿಸಬೇಕು.

4. ಕಟ್ಟೆ

ಅಗಲ 22 ಅಡಿ, ಒಳ 14 ಅಡಿ, ಎತ್ತರ 3 ಅಡಿ. ಮೇಲೆ ಶಹಾಬಾದ್ ಫರಸಿ (ಹಾಸುಗಲ್ಲು). ಲೆಕ್ಕಕ್ಕೆ 308 ಚದರ ಅಡಿ, ಒಬ್ಬರಿಗೆ ಒಂಬತ್ತೂವರೆ ಚದರ ಅಡಿ ಬರುತ್ತದೆ. ಆದರೆ ರೆಕ್ಕೆ ಬಿಚ್ಚಿದ ಹಕ್ಕಿಗೆ 5 ಅಡಿ ಅಗಲ ಬೇಕು, ಮಲಗಿದ ಹುಳುವಿಗೆ 4 ಅಡಿ ಉದ್ದ. 32 ಮಂದಿಯನ್ನೂ ಒಟ್ಟಿಗೆ ಏರಿಸಿದ ದಿನ ಒಬ್ಬರ ರೆಕ್ಕೆ ಇನ್ನೊಬ್ಬರ ಕಣ್ಣಿಗೆ ತಾಗಿತು. ಆಮೇಲಿಂದ ಒಂದು ಹೊತ್ತಿಗೆ 22 ಮಂದಿ ಮಾತ್ರ. ಹುಳು ನಾಲ್ಕು ನಾಲ್ಕಾಗಿ ಎರಡು ತಂಡ. ಕೊನೆಯ ನಮಸ್ಕಾರಕ್ಕೆ ಮಾತ್ರ ಎಲ್ಲರೂ, ಅದೂ ಕೈ ಕೆಳಗೆ ಬಿಟ್ಟು.

ಗುರುತು ಹಾಕುವುದು ಸಣ್ಣ ಕೆಲಸ ಅನಿಸುತ್ತದೆ, ಅಲ್ಲ. ಬಳಪದ ಗುರುತು ಎರಡು ತಾಲೀಮಿಗೆ ಅಳಿಸಿತು. ಟೇಪ್ ಅಂಟಲಿಲ್ಲ, ಫರಸಿಯ ಮೇಲೆ ಸಣ್ಣ ಧೂಳು ಯಾವಾಗಲೂ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಬಟ್ಟೆಯ ಟೇಪ್ 4 ಇಂಚು ತುಂಡು ಮಾಡಿ ಅಂಟಿಸಿ, ಮೇಲೆ ಲೋಟದ ತಳದಿಂದ ತಿಕ್ಕಿದರೆ ನಿಂತಿತು. ಅಂಕಿ ಬರೆಯಲಿಲ್ಲ, ಒಂದನೇ ತರಗತಿಯವರು ಗಡಿಬಿಡಿಯಲ್ಲಿ 6 ಮತ್ತು 9 ಹುಡುಕುತ್ತ ನಿಲ್ಲುತ್ತಾರೆ. ಗಿಡಕ್ಕೆ ಹಸಿರು, ಹೊಲದ ಮಂದಿಗೆ ಬಿಳಿ. ಹಸಿರು ಕಂಡಲ್ಲಿ ಯಾವ ಗಿಡ ಬೇಕಾದರೂ ನಿಲ್ಲಬಹುದು.

ಅಂಚಿನಿಂದ 2 ಅಡಿ ಒಳಗೆ ಕೆಂಪು ಕಾವಿಯ ದಪ್ಪ ಗೆರೆ. ಅದರಾಚೆ ಯಾರೂ ಹೋಗುವಂತಿಲ್ಲ. ಗೆರೆ ಇದ್ದರೂ ಎರಡೂ ಮೂಲೆಗೆ ಕೆಳಗೆ ಒಬ್ಬೊಬ್ಬ ದೊಡ್ಡವರು ನಿಂತೇ ಇರಬೇಕು. ಕಾಲಿಗೆ ಏನೂ ಬೇಡ, ಬರಿಗಾಲು. ಸಾಕ್ಸ್ ಹಾಕಿದರೆ ಫರಸಿ ಮೇಲೆ ಜಾರುತ್ತಾರೆ.

5. ವೇಷ (ಜನವರಿ ಎರಡನೇ ವಾರದಿಂದ)

ಮೊದಲು ಮಾಡಿದ್ದು ದಪ್ಪ ರಟ್ಟಿನ ಪೂರ್ತಿ ಮುಖವಾಡ, ಹಕ್ಕಿಗೆ ಮತ್ತು ಹುಳುವಿಗೆ. ನೋಡಲು ಚೆಂದ, ಉಪಯೋಗಕ್ಕೆ ಶೂನ್ಯ. ಕಣ್ಣಿನ ತೂತಿನಿಂದ ಪಕ್ಕದವರು ಕಾಣುವುದಿಲ್ಲ, ದನಿ ಒಳಗೇ ಉಳಿಯುತ್ತದೆ, ಬೆವರಿಗೆ ರಟ್ಟು ಮೆತ್ತಗಾಗುತ್ತದೆ. ತನ್ನ ಗೆಳೆಯನ ಮುಖವೇ ಕಾಣದೆ ಹೋದಾಗ ಒಂದನೇ ತರಗತಿಯವರು ಹೆದರಿದರು ಕೂಡ. 240 ರೂಪಾಯಿಯ ಸಾಮಾನು ಅಲ್ಲಿಗೆ ಹೋಯಿತು.

ಅದರ ಬದಲಿಗೆ ತಲೆಪಟ್ಟಿ. ಈ ವಯಸ್ಸಿನ ತಲೆಯ ಸುತ್ತಳತೆ 50ರಿಂದ 52 ಸೆಂ.ಮೀ. ಇತ್ತು. 18 ಮಿ.ಮೀ. ಇಲಾಸ್ಟಿಕ್ 47 ಸೆಂ.ಮೀ. ಕತ್ತರಿಸಿ, ಒಂದು ಸೆಂ.ಮೀ. ಮೇಲೆ ಮೇಲೆ ಇಟ್ಟು ಹೊಲಿದರೆ ಬಿಗಿಯೂ ಅಲ್ಲ, ಜಾರುವುದೂ ಇಲ್ಲ. 44ಕ್ಕೆ ಕತ್ತರಿಸಿದವು ಹಣೆಯ ಮೇಲೆ ಗೆರೆ ಮೂಡಿಸಿದವು. ಚಿತ್ರವನ್ನು ಹಣೆಯ ಮೇಲೆ ನಿಲ್ಲಿಸಬೇಕು, ಮುಖ ಪೂರ್ತಿ ಬಯಲು.

ಕಾಜಾಣ: ಕಪ್ಪು ಫೋಮ್ ಶೀಟ್, 2 ಮಿ.ಮೀ. ಬಾಲ ಕವಲೊಡೆದಿರಬೇಕು, ಅದೊಂದು ಸರಿ ಇದ್ದರೆ ಊರಿನ ಯಾರಾದರೂ ದೂರದಿಂದಲೇ ಕಾಜಾಣ ಅಂತಾರೆ. ಎರಡು ಶೀಟ್ ಉದ್ದಕ್ಕೆ ಜೋಡಿಸಿ, ತುದಿಯಲ್ಲಿ 6 ಇಂಚು ಸೀಳಿ, ಹೊರಕ್ಕೆ ಬಾಗಿಸಬೇಕು. ಗೊರವಂಕಕ್ಕೆ ಕಂದು ಫೋಮ್, ಕಣ್ಣಿನ ಹಿಂದೆ ಹಳದಿ ಪಟ್ಟಿ. ರೆಕ್ಕೆಗೆ ಹಳೆಯ ದುಪಟ್ಟಾ, ಬೆನ್ನ ನಡುವೆ ಒಂದು ಹೊಲಿಗೆ, ಮಣಿಕಟ್ಟಿಗೆ ಇಲಾಸ್ಟಿಕ್ ಕುಣಿಕೆ. ಫೋಮಿನ ರೆಕ್ಕೆ ಮಾಡಿ ನೋಡಿದರೆ ಅಂಚು ಗಟ್ಟಿ, ಕಣ್ಣಿಗೆ ತಾಗಿದ್ದು ಅದೇ. ಬಟ್ಟೆಯದಾದರೆ ಹುಳು ಅದರ ಕೆಳಗೆ ನುಗ್ಗಲೂ ಸಲೀಸು.

ಗಿಡ: ರಾಶಿ ಆದ ಮೇಲೆ ತೊಗರಿ ಕಟ್ಟಿಗೆ ಊರ ತುಂಬ ಪುಕ್ಕಟೆ ಸಿಗುತ್ತದೆ. ಅದನ್ನೇ ಕೈಗೆ ಕೊಟ್ಟದ್ದು ಸರಿ ಹೋಗಲಿಲ್ಲ. ಒಣ ತುದಿ ಚುಚ್ಚುತ್ತದೆ, ಅಳ್ಳಾಡಿಸಿದ ಕೂಡಲೇ ಧೂಳು ಎದ್ದು ಹಾಡುವವರು ಕೆಮ್ಮಿದರು. ಕಟ್ಟಿಗೆಯನ್ನು ಹಿಂಬದಿಯ ಪರದೆಗೆ ಒರಗಿಸಿ ಹೊಲ ಅಂತ ತೋರಿಸಲು ಇಟ್ಟುಕೊಂಡು, ಮಕ್ಕಳ ಕೈಗೆ ಹಸಿರು ಕ್ರೇಪ್ ಕಾಗದದ ಝಾಲರಿ, ತಲೆಪಟ್ಟಿಗೆ ಹಳದಿ ಹೂ ಕೊಟ್ಟದ್ದಾಯಿತು. ಟಿ ಕೋಲಿನದೂ ಅದೇ ಹಾದಿ. ಮಕ್ಕಳು ಹಿಡಿದರೆ ಕತ್ತಿ ವರಸೆ ಶುರುವಾಗುತ್ತದೆ, ಅದನ್ನು ಮರಳು ತುಂಬಿದ ಎಣ್ಣೆ ಡಬ್ಬಿಯಲ್ಲಿ ನಿಲ್ಲಿಸಬೇಕು.

ಹುಳು: ಹಸಿರು ಹೊಸೈರಿ ಬಟ್ಟೆ ಒಬ್ಬರಿಗೆ ಮುಕ್ಕಾಲು ಮೀಟರ್, ಅಡ್ಡಕ್ಕೆ ಕಪ್ಪು ಗೆರೆ. ಮೊದಲನೆಯದನ್ನು ತಲೆಯಿಂದ ಕಾಲಿನವರೆಗೆ ಒಂದೇ ಚೀಲದ ಹಾಗೆ ಹೊಲಿಸಿತ್ತು. ಹುಳುವಿನಂತೆಯೇ ಕಾಣುತ್ತಿತ್ತು. ಒಂದಕ್ಕೆ ಹೋಗಬೇಕು ಅಂದಾಗ ಬಿಚ್ಚಲು ಆರು ನಿಮಿಷ ಹಿಡಿಯಿತು, ಮಗುವಿಗೆ ಅಷ್ಟು ತಾಳ್ಮೆ ಇರಲಿಲ್ಲ. ಉಳಿದ ಏಳನ್ನು ಉದ್ದ ಅಂಗಿಯಾಗಿ ಹೊಲಿಸಿ, ಕೆಳಗೆ ಮನೆಯದೇ ಕಪ್ಪು ಲೆಗ್ಗಿನ್ಸ್ ಹಾಕಿಸಿದ್ದು. ಮೊದಲನೆಯದನ್ನೂ ನಡುವೆ ಕತ್ತರಿಸಿ ಅಂಗಿ ಮಾಡಿದ್ದು.

ಬಣ್ಣ: ಕಾಡಿಗೆಯ ಮೀಸೆ, ಕೆನ್ನೆಗೆ ಸ್ವಲ್ಪ ಪ್ಯಾನ್‌ಕೇಕ್, ಅಷ್ಟು ಸಾಕು. ಹಿಂದಿನ ದಿನ ಮೊಳಕೈ ಒಳಗೆ ಹಚ್ಚಿ ತುರಿಕೆ ಬರುತ್ತದೋ ನೋಡಬೇಕು. ಪೋಸ್ಟರ್ ಬಣ್ಣ ಮುಖಕ್ಕೆ ಬೇಡ.

6. ಹುಳು ಬೀಳುವ ದೃಶ್ಯ

ಹೊಲದಲ್ಲಿ ಹಾಸುವುದು ತಾಡಪತ್ರಿ, ಕಟ್ಟೆಯ ಮೇಲೂ ಅದೇ ಇರಲಿ ಅಂತ ಹಾಸಿದರೆ ಎರಡು ತೊಂದರೆ. ಫರಸಿಯ ಮೇಲೆ ಇಡೀ ಹಾಳೆ ಜಾರುತ್ತದೆ, ಮತ್ತೆ ಅದರ ಚರಚರ ಸದ್ದು ಮೈಕಿನಲ್ಲಿ ಮಳೆ ಬಂದ ಹಾಗೆ ಕೇಳುತ್ತದೆ. ಕೌದಿ (ಹಳೆ ಬಟ್ಟೆ ಕೂಡಿಸಿ ಹೊಲಿದ ಹಾಸು) ಹಾಸಿದ ಕೂಡಲೇ ಎರಡೂ ಹೋದವು. ಎರಡು ಕೌದಿ ಒಂದರ ಮೇಲೊಂದು, ನಾಲ್ಕೂ ಮೂಲೆಗೆ ಹೊಲದ ಮಂದಿ ಒಬ್ಬೊಬ್ಬರು ಮಂಡಿಯೂರಿ ಕೂರಬೇಕು, ಅವರ ಭಾರಕ್ಕೆ ಕೌದಿ ಸರಿಯುವುದಿಲ್ಲ. ಹಾಸುವುದೂ ಅವರೇ, ಹಾಡಿನ ಮೊದಲ ಎರಡು ಸಾಲಿನೊಳಗೆ. ಉಳಿದ ಇಬ್ಬರು ಬುಟ್ಟಿ ಹಿಡಿದು ನಿಲ್ಲುತ್ತಾರೆ.

ಬೀಳುವುದನ್ನು ಹೀಗೆ ಕಲಿಸಿದ್ದು: ಮೊದಲು ಕೂರು, ಆಮೇಲೆ ಪಕ್ಕಕ್ಕೆ ಒರಗು, ಆಮೇಲೆ ಸುತ್ತಿಕೋ. ಮೂರೂ ಬಿಡಿಬಿಡಿಯಾಗಿ ಕಲಿತ ಮೇಲೆ ಕೂಡಿಸಿದರೆ ಬಿದ್ದ ಹಾಗೇ ಕಾಣುತ್ತದೆ, ಮೊಳಕೈ ತಾಗುವುದಿಲ್ಲ. ನಿಂತಲ್ಲಿಂದ ಬೀಳಲು ಬಿಟ್ಟರೆ ಹುರುಪಿನಲ್ಲಿ ತಲೆ ಹಿಂದಕ್ಕೆ ಹೊಡೆಸಿಕೊಳ್ಳುತ್ತಾರೆ.

ಕುಣಿಯುವವರು ಹಾಡಬಾರದು, ಹಾಡುವವರು ಕುಣಿಯಬಾರದು. ಉರುಳಿ ಎದ್ದ ಹುಳುವಿನ ಬಾಯಲ್ಲಿ ಬರುವುದು ಏದುಸಿರು ಮಾತ್ರ. ಹುಳುಗಳ ಹಾಡನ್ನೂ ನಿಜಕ್ಕೆ ಎತ್ತಿ ಹಾಡುವುದು ಗಿಡಗಳೇ, ಹುಳುಗಳು ಬಾಯಿ ಕೂಡಿಸುತ್ತವೆ. ಮುಂದೆ ಕೂತವರಿಗೆ ಗೊತ್ತೇ ಆಗುವುದಿಲ್ಲ.

7. ಮೈಕು ಮತ್ತು ದೀಪ

ಟೆಂಟ್ ಹೌಸಿನಿಂದ ತಂದದ್ದು ಮೂರು ತಂತಿ ಮೈಕು, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್. ಗಿಡಗಳು ಎಡಕ್ಕೆ ಐದು, ಬಲಕ್ಕೆ ಐದು, ಪ್ರತಿ ಐವರ ಮುಂದೆ ಒಂದು ಮೈಕು, ಮೂರನೆಯದು ಕಥೆ ಹೇಳುವವರಿಗೆ. ಮೈಕಿನ ಎತ್ತರ 3 ಅಡಿ, ಮೂತಿ ಸ್ವಲ್ಪ ಮೇಲಕ್ಕೆ, ಬಾಯಿಂದ ದೂರ ಒಂದೂವರೆ ಅಡಿ. ದೊಡ್ಡವರ ಎತ್ತರಕ್ಕೆ ಬಿಟ್ಟರೆ ಪೇಟಿ ಒಂದೇ ಕೇಳುತ್ತದೆ. ಪೇಟಿಗೂ ಹಲಗೆಗೂ ಮೈಕು ಕೊಟ್ಟಿಲ್ಲ, ಕೊಡಲೂಬಾರದು.

ಸ್ಪೀಕರ್ ಕುಂಯ್ ಅನ್ನುತ್ತಿದ್ದದ್ದು ಅವು ಕಟ್ಟೆಯ ಮೇಲೆ, ಮೈಕಿನ ಹಿಂದೆ ಇದ್ದದ್ದಕ್ಕೆ. ಕೆಳಗಿಳಿಸಿ, ಮೈಕಿನ ಸಾಲಿನಿಂದ 6 ಅಡಿ ಮುಂದೆ, ಬಾಯಿ ಮಂದಿಯ ಕಡೆ ಮಾಡಿಟ್ಟರೆ ಸುಮ್ಮನಾದವು. ಹಾಗೆ ಮಾಡಿದರೆ ಕಟ್ಟೆಯ ಮೇಲಿನವರಿಗೆ ಸ್ಪೀಕರ್ ಕೇಳುವುದಿಲ್ಲ. ಆದ್ದರಿಂದ ಪೇಟಿ, ಢೋಲಕ್, ಹಲಗೆ ಮೂರೂ ಕಟ್ಟೆಯ ಎಡ ಮೂಲೆಯಲ್ಲಿ, ಮಕ್ಕಳ ಹತ್ತಿರವೇ ಕೂರಬೇಕು.

ದೀಪಕ್ಕೆ 50 ವ್ಯಾಟ್ ಎಲ್‌ಇಡಿ ಫ್ಲಡ್ ಎರಡು, 9 ಅಡಿ ಕಂಬದ ಮೇಲೆ, ಎರಡೂ ಬದಿಯಿಂದ ಓರೆಯಾಗಿ. ಮೊದಲು ಹಳೆಯ ಹ್ಯಾಲೋಜನ್ ನೇರ ಎದುರಿಗೆ ಇಟ್ಟಾಗ ಎಲ್ಲ ಮಕ್ಕಳೂ ಕಣ್ಣು ಕಿರಿದು ಮಾಡಿ ನಿಂತರು. ಹುಳು ಬರುವಾಗ ಭಯ ಹುಟ್ಟಲಿ ಅಂತ ಕೆಂಪು ಜಿಲೆಟಿನ್ ಕಾಗದ ಕಟ್ಟಿದ್ದು ಇನ್ನೊಂದು ಎಡವಟ್ಟು. ಕೆಂಪು ಬೆಳಕಿನಲ್ಲಿ ಹಸಿರು ಬಟ್ಟೆ ಕಪ್ಪಾಗಿ ಕಾಣುತ್ತದೆ. ಕಷ್ಟಪಟ್ಟು ಹೊಲಿಸಿದ ಹುಳುಗಳೆಲ್ಲ ಕಲ್ಲಿದ್ದಲಿನ ಚೀಲವಾದವು. ಹಳದಿ ಕಾಗದ ಸಾಕು.

ಜನರೇಟರ್ ಇದ್ದರೆ ಕೋಣೆಗಳ ಹಿಂದೆ ಇಡಬೇಕು, ನಡುವೆ ಒಂದು ಗೋಡೆಯಾದರೂ ಇರಬೇಕು.

8. ತಾಲೀಮು

ದಿನಕ್ಕೆ 25 ನಿಮಿಷ, ಅದಕ್ಕಿಂತ ಹೆಚ್ಚು ಎಳೆದ ದಿನವೆಲ್ಲ ಕೊನೆಯ ಹತ್ತು ನಿಮಿಷ ಗದ್ದಲವೇ. ಬೆಳಿಗ್ಗೆ ಹಾಲು ಕುಡಿದು ಅರ್ಧ ತಾಸು ಆದ ಮೇಲೆ ಒಳ್ಳೆಯ ಹೊತ್ತು. ಕೂಡಲೇ ಉರುಳಿಸಿದರೆ ಹಾಲು ಹೊರಗೆ ಬರುತ್ತದೆ. ಬಿಸಿಯೂಟದ ನಂತರ ಗಿಡಗಳು ನಿಂತಲ್ಲೇ ತೂಕಡಿಸುತ್ತವೆ.

ಆಟವನ್ನು ಕೊನೆಯಿಂದ ಹಿಂದಕ್ಕೆ ಕಲಿಸಿದ್ದು ಫಲ ಕೊಟ್ಟಿತು. ಮೊದಲು ನಾಲ್ಕನೇ ಹಾಡು, ಆಮೇಲೆ ಮೂರು ಮತ್ತು ನಾಲ್ಕು, ಹೀಗೆ. ಮುಂದೆ ಹೋದಷ್ಟೂ ಗೊತ್ತಿರುವುದೇ ಬರುತ್ತದೆ. ಮೊದಲಿನಿಂದ ಕಲಿಸಿದಾಗ ಮೊದಲ ಹಾಡು ಎಲ್ಲರಿಗೂ ಕಂಠಪಾಠ, ಕೊನೆಯದು ಯಾರಿಗೂ ಇಲ್ಲ ಅನ್ನುವ ಸ್ಥಿತಿ ಬರುತ್ತಿತ್ತು.

ಕೊನೆಯ ವಾರ ಪೂರ್ತಿ ವೇಷ, ಮೈಕು, ಸಂಜೆಯ ಕತ್ತಲೆ ಮೂರನ್ನೂ ಒಂದೇ ದಿನ ತೋರಿಸಬಾರದು. ಒಂದು ದಿನ ವೇಷ. ಇನ್ನೊಂದು ದಿನ ಮೈಕು. ಒಬ್ಬೊಬ್ಬರೂ ಅದರಲ್ಲಿ ತಮ್ಮ ಹೆಸರು ಹೇಳಿ ತಮ್ಮದೇ ದನಿ ಕೇಳಿ ನಗಲಿ. ಆಮೇಲೆ ದೀಪ. ಅದರ ಮೇಲೆ ಐದು, ಆರು, ಏಳನೇ ತರಗತಿಯವರನ್ನು ಎದುರಿಗೆ ಕೂಡಿಸಿ ಆಡಿಸಬೇಕು. ಅಲ್ಲಿ ಅಳುವವರು ಯಾರು, ನೀರಿನಂತೆ ಹಾಡುವವರು ಯಾರು ಅಂತ ಗೊತ್ತಾಗುತ್ತದೆ. ಅಳುವವರನ್ನು ಹಿಂದಕ್ಕೆ ಹಾಕುವ ಬದಲು ಮೈಕಿನ ಪಕ್ಕದ ಗಟ್ಟಿ ಗಿಡದ ಬಗಲಿಗೆ ನಿಲ್ಲಿಸಿದರೆ ಸುಧಾರಿಸುತ್ತಾರೆ. ಹಿಂದೆ ಒಂಟಿಯಾಗಿ ನಿಂತವರೇ ಹೆಚ್ಚು ಅಳುವುದು.

9. ಆಡಿದ ದಿನ

ಒಂದು ವಿಷಯದಲ್ಲಿ ಹಟ ಹಿಡಿಯಲೇಬೇಕು: ಸಣ್ಣವರ ಆಟ ಮೊದಲು, ಸಭೆ ಆಮೇಲೆ. ಅತಿಥಿಗಳ ಭಾಷಣ, ಸನ್ಮಾನ, ಶಾಲು, ಹಾರ ಮುಗಿಯುವ ಹೊತ್ತಿಗೆ ರಾತ್ರಿ 9 ಆಗುತ್ತದೆ, ಅಷ್ಟರಲ್ಲಿ ಹುಳುಗಳು ನಿಜವಾಗಿ ಮಲಗಿರುತ್ತವೆ. ಹಿರಿಯರಿಗೆ ಬೇಸರವಾಗದ ಹಾಗೆ, ಸ್ವಾಗತ ಗೀತೆಯ ಜಾಗದಲ್ಲಿ ಈ ಆಟ ಅಂತ ಕಾರ್ಯಕ್ರಮ ಪಟ್ಟಿಯಲ್ಲೇ ಹಾಕಿಸಿದ್ದು.

4:30ಕ್ಕೆ ಸುಸಲಾ (ಮಂಡಕ್ಕಿ ಒಗ್ಗರಣೆ), ಬಾಳೆಹಣ್ಣು. 5ಕ್ಕೆ ಬಣ್ಣ. 5:45ಕ್ಕೆ ಎಲ್ಲರೂ ಒಂದಕ್ಕೆ, ಬೇಡ ಅಂದವರೂ. 6ಕ್ಕೆ ವೇಷ. 6:20ಕ್ಕೆ ಸಾಲು. 6:30ಕ್ಕೆ ಹಲಗೆ. ಕಾಯುವ ಕೋಣೆಯಲ್ಲಿ ನಾಲ್ಕು ಮಕ್ಕಳಿಗೆ ಏಳನೇ ತರಗತಿಯ ಒಬ್ಬರು. ತಾಯಂದಿರು ಆ ಕೋಣೆಗೆ ಬರಬಾರದು. ಒಬ್ಬ ತಾಯಿ ಬಂದರೆ ಹತ್ತು ಮಕ್ಕಳಿಗೆ ತಾಯಿ ನೆನಪಾಗುತ್ತಾರೆ.

ಕಟ್ಟೆಯ ಮುಂದೆ 8 ಅಡಿ ಬಿಟ್ಟು ಹಗ್ಗ ಕಟ್ಟಿತ್ತು. ಇಲ್ಲದಿದ್ದರೆ ಮೊಬೈಲ್ ಹಿಡಿದ ಪಾಲಕರು ಮೈಕಿನ ತನಕ ಬರುತ್ತಾರೆ. ಒಬ್ಬರು ಕುರ್ಚಿ ಹತ್ತಿ ಪೂರ್ತಿ ಚಿತ್ರೀಕರಿಸಿ ಎಲ್ಲರಿಗೂ ಕಳಿಸುತ್ತಾರೆ ಅಂತ ಮೊದಲೇ ಹೇಳಿದ್ದರಿಂದ ಹಗ್ಗ ಉಳಿಯಿತು. ಕೆಳಗಿನಿಂದ ಹೆಸರು ಕೂಗುವುದನ್ನು ಯಾರೂ ನಿಲ್ಲಿಸಲಾರರು. ಕೂಗಿದಾಗ ಗಿಡವೊಂದು ಕೈ ಬೀಸಿದರೆ ಬೀಸಲಿ, ಆಟಕ್ಕೆ ಏನೂ ಆಗುವುದಿಲ್ಲ.

ಆದದ್ದು: ಬಲಗಡೆಯ ಒಂದು ಗಿಡ ಎರಡನೇ ಹಾಡಿಗೆ ಕೂತದ್ದು ಕೊನೆಯ ತನಕ ಏಳಲಿಲ್ಲ. ಮೊದಲ ತಂಡದ ಒಂದು ಹುಳು ರೆಕ್ಕೆಯ ಕೆಳಗೆ ಹೋಗುವ ಬದಲು ಕಟ್ಟೆ ಇಳಿದು ಅಜ್ಜಿಯ ಹತ್ತಿರ ಹೋಗಿ, ಎರಡನೇ ತಂಡದ ಜೊತೆ ವಾಪಸು ಬಂತು. ಮೂರನೇ ಹಾಡಿನ ನಡುವೆ ಕರೆಂಟ್ ಹೋಯಿತು, ಜನರೇಟರ್ ಹಿಡಿಯುವ ತನಕ ಕತ್ತಲು, ಮೈಕೂ ಇಲ್ಲ. ಹಲಗೆ ನಿಲ್ಲಲಿಲ್ಲ. ಕಣ್ಣು ಮುಚ್ಚಿ ಆಡಿದ ಮಕ್ಕಳು ಆ ಕತ್ತಲಲ್ಲೇ ಹಾಡು ಮುಗಿಸಿ, ತಾಳ ಬಿದ್ದಾಗ ಕಲ್ಲಾಗಿ ನಿಂತಿದ್ದರು. ಬೆಳಕು ಬಂದಾಗ ಕೌದಿಯ ಒಂದು ಮೂಲೆಗೆ ಇಬ್ಬರು ಕೂತಿದ್ದರು, ಅಷ್ಟೇ ವ್ಯತ್ಯಾಸ. ಹೊಲದ ಮಂದಿಯಲ್ಲಿ ಇಬ್ಬರು ಬಂದೇ ಇರಲಿಲ್ಲ, ಬುಟ್ಟಿಯನ್ನು ಕಥೆ ಹೇಳುವವರೇ ಹಿಡಿದರು.

10. ಖರ್ಚು

ಹೊಸೈರಿ ಬಟ್ಟೆ 6 ಮೀಟರ್ 840, ಹೊಲಿಗೆ 480, ಫೋಮ್ ಶೀಟ್ 24ಕ್ಕೆ 288, ಇಲಾಸ್ಟಿಕ್ 16 ಮೀಟರ್ 128, ಕ್ರೇಪ್ ಕಾಗದ 180, ಗ್ಲೂ ಗನ್ ಕಡ್ಡಿ 160, ಬಟ್ಟೆ ಟೇಪ್ 140, ಜಿಲೆಟಿನ್ 100, ಬಣ್ಣದ ಸಾಮಾನು 350, ಪಿನ್ನು ದಾರ 100, ಟೆಂಟ್ ಹೌಸ್ 3,000. ಒಟ್ಟು 5,766 ರೂಪಾಯಿ, ತಲೆಗೆ 180ರಷ್ಟು. ಕೆಟ್ಟ ಮುಖವಾಡದ 240 ಇದರಲ್ಲಿ ಸೇರಿಲ್ಲ. ಬಟ್ಟೆಯನ್ನು ಕಪಡಾ ಬಜಾರ್‌ನಲ್ಲಿ, ಉಳಿದದ್ದನ್ನು ಸೂಪರ್ ಮಾರ್ಕೆಟ್ ಸುತ್ತಿನ ಅಂಗಡಿಗಳಲ್ಲಿ ಒಂದೇ ಸಲ ಕಲಬುರಗಿಗೆ ಹೋಗಿ ತಂದರೆ ಬಸ್ ಖರ್ಚು ಉಳಿಯುತ್ತದೆ. ಪೇಟಿ, ಢೋಲಕ್, ಕೌದಿ, ದುಪಟ್ಟಾ, ಬುಟ್ಟಿ ಊರಿನವು. ಕೌದಿಗಳನ್ನು ಒಗೆದು ಬಿಸಿಲಿಗೆ ಹಾಕಿ ಹಿಂದಿರುಗಿಸಬೇಕು, ಮುಂದಿನ ವರ್ಷ ಮತ್ತೆ ಕೇಳಬೇಕಲ್ಲ.

ವೇಷ ಎತ್ತಿಡುವಾಗ ತಲೆಪಟ್ಟಿಯ ಚಿತ್ರ ಬೇರೆ, ಇಲಾಸ್ಟಿಕ್ ಬೇರೆ ಮಾಡಬೇಕು. ಇಲ್ಲಿಯ ಏಪ್ರಿಲ್-ಮೇ ಬಿಸಿಲಿಗೆ ಪತ್ರಾಸಿನ (ತಗಡಿನ) ಛಾವಣಿಯ ಕೋಣೆಯಲ್ಲಿ ಗ್ಲೂ ಗನ್ನಿನ ಅಂಟು ಮೆತ್ತಗಾಗಿ ಫೋಮ್‌ಗೆ ಫೋಮ್ ಹತ್ತಿಕೊಳ್ಳುತ್ತದೆ, ಇಲಾಸ್ಟಿಕ್ ಎಳೆದರೆ ವಾಪಸು ಬರುವುದಿಲ್ಲ. ನಡುವೆ ಒಂದೊಂದು ವೃತ್ತಪತ್ರಿಕೆ ಹಾಳೆ ಇಟ್ಟು, ಆರ್‌ಸಿಸಿ ಛಾವಣಿಯ ಕೋಣೆಯ ಕೆಳಗಿನ ಖಾನೆಯಲ್ಲಿ ಇಡಬೇಕು. ಕ್ರೇಪ್ ಕಾಗದದ ಝಾಲರಿ ಇಡುವ ಗೋಜಿಗೆ ಹೋಗುವುದೇ ಬೇಡ, ಅದನ್ನು ಇಲಿ ಮೊದಲು ಹುಡುಕುತ್ತದೆ.